ಮೀನಿನ ನಡೆ ನೋಡಿ ಹೊಂಡದ ಸ್ಥಿತಿ ತಿಳಿಯಿರಿ

ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್ ಬಿಟ್ಟಿರುವವರು ದಿನಕ್ಕೆ ಒಂದೇ ಸಲ ಹೊಂಡದ ಕಡೆ ಹೋಗುವುದಾದರೆ, ಸೂರ್ಯ ಹುಟ್ಟುವ ಮುಂಚೆ ಹೋಗಿ. ಬಹಳಷ್ಟು ರೈತರು ಬಿಸಿಲೇರಿದ ಮೇಲೆ, ಆಹಾರ ಹಾಕುವ ಹೊತ್ತಿಗೆ ಹೋಗುತ್ತಾರೆ. ಅಷ್ಟರಲ್ಲಿ ರಾತ್ರಿಯೆಲ್ಲ ಮೀನು ಪಟ್ಟ ಪಾಡಿನ ಕುರುಹೂ ಉಳಿದಿರುವುದಿಲ್ಲ.

ಹಗಲು ಹೊತ್ತು ನೀರಿನ ಹಸಿರು ಪಾಚಿ ಆಮ್ಲಜನಕ ತಯಾರಿಸುತ್ತದೆ. ರಾತ್ರಿ ಆ ತಯಾರಿಕೆ ನಿಲ್ಲುತ್ತದೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ಮೀನೂ ಪಾಚಿಯೂ ಉಸಿರಾಡುತ್ತಲೇ ಇರುತ್ತವೆ. ತಳದಲ್ಲಿ ಕೊಳೆಯುವ ಸಗಣಿ, ತಿನ್ನದೆ ಉಳಿದ ಹಿಂಡಿಯೂ ಆಮ್ಲಜನಕ ಹೀರುತ್ತವೆ. ಲೀಟರ್ ನೀರಿಗೆ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಗೆಂಡೆ ಜಾತಿಯ ಮೀನುಗಳಿಗೆ ನೆಮ್ಮದಿ, 3ಕ್ಕಿಂತ ಕೆಳಗಿಳಿದರೆ ಸಂಕಟ. ಬೆಳಗಿನ ಜಾವ 4ರಿಂದ 6ರ ನಡುವೆ ಇದು ತೀರಾ ಕಡಿಮೆ. ಎರಡು ಮೂರು ದಿನ ಬಿಡದೆ ಮೋಡ ಕವಿದಿದ್ದರೆ ಇನ್ನೂ ಅಪಾಯ.

ಆಗ ಮೀನು ಮೇಲಕ್ಕೆ ಬಂದು, ತುಟಿಯನ್ನು ನೀರಿನ ಮೇಲ್ಪದರಕ್ಕೆ ತಾಗಿಸಿ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಹೊಟ್ಟೆಗೆ ಹಸಿದು ಬಂದಿದೆ ಎಂದುಕೊಂಡು ಆಹಾರ ಹಾಕುವುದು ದೊಡ್ಡ ತಪ್ಪು. ಹಸಿದ ಮೀನು ನೀರು ಚಿಮ್ಮಿಸುತ್ತ ನುಗ್ಗುತ್ತದೆ. ಉಸಿರು ಸಾಲದ ಮೀನು ಇದ್ದಲ್ಲೇ ಮಂಕಾಗಿ ನಿಂತಿರುತ್ತದೆ. ದಡದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸರ್ರನೆ ಕೆಳಗಿಳಿದರೆ ಇನ್ನೂ ಕಾಲ ಮಿಂಚಿಲ್ಲ. ಕದಲದಿದ್ದರೆ ತಡಮಾಡದೆ ಪಂಪ್ ಹಾಕಿ, ನೀರನ್ನು ಎತ್ತರದಿಂದ ಹೊಂಡಕ್ಕೇ ಚಿಮ್ಮಿಸಿ. ಬೋರ್‌ವೆಲ್ ನೀರು ಬಿಡುವುದಾದರೂ ಹೀಗೆ ಗಾಳಿಯಲ್ಲಿ ಚಿಮ್ಮಿಸಿಯೇ ಬಿಡಿ. ಅಂದು ಆಹಾರ ಬೇಡ, ಸಗಣಿ ಗೊಬ್ಬರವಂತೂ ಬೇಡವೇ ಬೇಡ.

ಬಿಸಿಲು ಬಿದ್ದ ಮೇಲೆ ಮೀನು ತಾನಾಗಿ ಕೆಳಗಿಳಿದರೆ ಆಮ್ಲಜನಕದ ಕೊರತೆಯೇ ಕಾರಣವೆನ್ನಬಹುದು. ನಡುಹಗಲಲ್ಲೂ ಮೇಲೇ ಸುಳಿಯುತ್ತಿದ್ದರೆ ಕಿವಿರಿನ ರೋಗವೋ, ನೀರಿನಲ್ಲಿ ಅಮೋನಿಯಾ ಹೆಚ್ಚಿದೆಯೋ ನೋಡಿಸಬೇಕು.

ಮೀನು ಪದೇ ಪದೇ ಎಗರುವುದು, ಕಲ್ಲಿಗೋ ಗೂಟಕ್ಕೋ ಮೈ ಉಜ್ಜುವುದು ಬೇರೆಯದೇ ಸುಳಿವು. ಒಂದನ್ನು ಹಿಡಿದು ರೆಕ್ಕೆಯ ಬುಡ ನೋಡಿ. ಚಪ್ಪಟೆಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಬೆರಳು ತಾಗಿದರೆ ಸರಿದಾಡುವ ಮೀನುಹೇನು ಬರಿಗಣ್ಣಿಗೇ ಕಾಣುತ್ತದೆ. ಅದು ಚುಚ್ಚಿದ ಜಾಗ ಕೆಂಪಾಗಿರುತ್ತದೆ. ಈ ಹೇನು ಗಟ್ಟಿ ವಸ್ತುಗಳ ಮೇಲೆ ಮೊಟ್ಟೆ ಅಂಟಿಸುವುದರಿಂದ ಹೊಂಡದಲ್ಲಿ ಅಲ್ಲಲ್ಲಿ ಬಿದಿರು ಗಳ ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಒಣಗಿಸಿ ಮತ್ತೆ ನೆಡಿ. ಖರ್ಚಿಲ್ಲದ ಈ ಉಪಾಯದಿಂದ ಹೇನಿನ ಹಾವಳಿ ತಗ್ಗುತ್ತದೆ. ಔಷಧ ಬೇಕೆನಿಸಿದರೆ ಮೀನುಗಾರಿಕೆ ಇಲಾಖೆಯವರನ್ನು ಕೇಳದೆ ಸುರಿಯಬೇಡಿ.

ಮೀನಿಗೆ ನೋವಾಗುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತದೆ. ಅದನ್ನು ಬಿಡಬೇಕಾದ ಕಾಲ ಬಂದಿದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಉರಿ ತರುವ ಆಮ್ಲ ಚುಚ್ಚಿದಾಗ ಮೀನು ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿಕೊಂಡಿತು, ಗಂಟೆಗಟ್ಟಲೆ ಆಹಾರ ಮುಟ್ಟಲಿಲ್ಲ. ಅದಕ್ಕೂ ಮುಂಚೆ, 1938ರಲ್ಲಿ, ಜೇನುನೊಣಗಳ ಅಧ್ಯಯನಕ್ಕೆ ಹೆಸರಾದ ಕಾರ್ಲ್ ಫಾನ್ ಫ್ರಿಶ್ ಗೆಂಡೆ ಕುಲದ ಒಂದು ಸಣ್ಣ ಮೀನಿನಲ್ಲಿ ಇನ್ನೊಂದು ಸಂಗತಿ ತೋರಿಸಿಕೊಟ್ಟಿದ್ದರು: ಒಂದರ ಚರ್ಮ ಗಾಯವಾದರೆ ಅಲ್ಲಿಂದ ನೀರಿಗೆ ಬೆರೆಯುವ ರಾಸಾಯನಿಕವನ್ನು ಗ್ರಹಿಸಿ ಉಳಿದವು ಬೆದರಿ ಚದುರುತ್ತವೆ. ನಮ್ಮ ರೋಹು, ಕಾಟ್ಲಾ ಅದೇ ಬಳಗದವು. ಬಲೆ ಒರಟಾಗಿ ಎಳೆದು ಹುರುಪೆ ಕಿತ್ತರೆ ಕೈಗೆ ಸಿಕ್ಕ ಮೀನಿಗಷ್ಟೇ ತೊಂದರೆ ಎಂದುಕೊಳ್ಳಬೇಡಿ.

ಆದ್ದರಿಂದ ತೂಕ ನೋಡಲು ಗಂಟಿಲ್ಲದ ಮೃದು ಬಲೆ ಬಳಸಿ, ಕೈ ಒದ್ದೆ ಮಾಡಿಕೊಂಡೇ ಮೀನು ಹಿಡಿಯಿರಿ, ತಂಪು ಹೊತ್ತಿನಲ್ಲಿ ಕೆಲಸ ಮುಗಿಸಿ. ಮರಿಗಳ ಚೀಲವನ್ನು 15ರಿಂದ 20 ನಿಮಿಷ ಹೊಂಡದ ಮೇಲೆ ತೇಲಬಿಟ್ಟು, ಸ್ವಲ್ಪ ಸ್ವಲ್ಪವೇ ಹೊಂಡದ ನೀರು ಬೆರೆಸಿ, ಮರಿಗಳು ತಾವಾಗಿ ಈಜಿ ಹೊರಬರಲು ಬಿಡಿ. ಇನ್ನು ಕಟಾವಿನ ದಿನ ಮೀನನ್ನು ದಡದ ಮೇಲೆ ರಾಶಿ ಹಾಕಿ ಒದ್ದಾಡಿ ಸಾಯಲು ಬಿಡುವ ರೂಢಿ ನಿಲ್ಲಬೇಕು. ಮನೆ ಬಳಕೆಗೆ ಹಿಡಿದ ಮೀನಿಗೆ ಕಣ್ಣಿನ ಹಿಂಭಾಗದಲ್ಲಿ, ತಲೆಯ ಮೇಲೆ ಮರದ ಕೊಡತಿಯಿಂದ ಒಂದೇ ಬಲವಾದ ಪೆಟ್ಟು ಕೊಟ್ಟರೆ ತಕ್ಷಣ ಪ್ರಜ್ಞೆ ತಪ್ಪುತ್ತದೆ. ಕೊಯ್ಯುವುದು ಅದಾದ ಮೇಲೆ.