ಸಸ್ಯರಸವೂ ಬೆಳೆಗಳ ಬೂಷ್ಟುರೋಗವೂ

ಗಿಡಮೂಲಿಕೆಗಳು ಮನುಷ್ಯರ ವ್ಯಾಧಿಗಳನ್ನು ಶಮನಗೊಳಿಸುವುವೆಂಬುದನ್ನು ನಾವೆಲ್ಲರೂ ಮನೆಯ ಹಿರಿಯರಿಂದ ಕೇಳಿರುವೆವು. ಅವು ಬೆಳೆಗಳ ರೋಗವನ್ನೂ ತಡೆಯಬಲ್ಲವೇ ಎಂಬುದು ಈ ಪಾಠದ ವಿಷಯವು.

ಬೆಳೆಗಳ ರೋಗಗಳಲ್ಲಿ ಬಹುಭಾಗವು ಶಿಲೀಂಧ್ರಗಳಿಂದ ಉಂಟಾಗುವುದು. ಹಳಸಿದ ರೊಟ್ಟಿಯ ಮೇಲಣ ಬೂಷ್ಟು ಈ ವರ್ಗದ್ದೇ. ಇವುಗಳ ಬೀಜಾಣುಗಳು ಗಾಳಿಯಿಂದಲೂ ಮಳೆಹನಿಗಳಿಂದಲೂ ಹರಡಿ, ತೇವವುಳ್ಳ ಎಲೆಯ ಮೇಲೆ ಮೊಳೆತು ಒಳಹೊಗುವುವು. ಒಳಹೊಕ್ಕ ಮೇಲೆ ತಡೆಯುವುದು ಕಷ್ಟ; ಆದುದರಿಂದ ಮೊಳೆಯುವಾಗಲೇ ತಡೆಯತಕ್ಕದ್ದು.

ಬೆಳ್ಳುಳ್ಳಿಯನ್ನು ತೆಗೆದುಕೊಳ್ಳಿರಿ. ಇಡಿಯ ಎಸಳಿಗೆ ಹೆಚ್ಚು ವಾಸನೆಯಿಲ್ಲ. ಜಜ್ಜಿದೊಡನೆ ಅದರೊಳಗಣ ಆಲಿಯಿನ್ ಎಂಬ ವಸ್ತುವು ಒಂದು ಕಿಣ್ವದ ಸಂಪರ್ಕದಿಂದ ಆಲಿಸಿನ್ ಆಗಿ ಮಾರ್ಪಡುವುದು. ಇದನ್ನು 1944ರಲ್ಲಿ ಅಮೆರಿಕದ ಕ್ಯಾವಲಿಟೋ ಮತ್ತು ಬೈಲಿ ಎಂಬವರು ಬೇರ್ಪಡಿಸಿದರು. ಅನೇಕ ಶಿಲೀಂಧ್ರಗಳ ಬೆಳವಣಿಗೆಯನ್ನು ಇದು ತಡೆಯುವುದು. ಬೇಯಿಸಿದರೆ ಕಿಣ್ವವು ಕೆಡುವುದರಿಂದ ಹಸಿಯಾಗಿಯೇ ಜಜ್ಜಿ ರಸವನ್ನು ತೆಗೆಯಬೇಕು.

ರಸದ ಗುಣವನ್ನು ಪರೀಕ್ಷಿಸುವ ಕ್ರಮವು ಹೀಗಿದೆ: ಆಲೂಗೆಡ್ಡೆಯ ರಸ, ಸಕ್ಕರೆ, ಅಗರ್ ಇವುಗಳಿಂದ ಶುದ್ಧವಾದ ಆಹಾರವನ್ನು ಸಿದ್ಧಪಡಿಸುವರು. ಅದು ಉಗುರುಬೆಚ್ಚಗಾದಾಗ ಒಂದು ಪಾಲಿಗೆ ಸಸ್ಯರಸವನ್ನೂ, ಮತ್ತೊಂದಕ್ಕೆ ಅಷ್ಟೇ ಶುದ್ಧಜಲವನ್ನೂ ಬೆರೆಸಿ, ಎರಡರಲ್ಲಿಯೂ ಶಿಲೀಂಧ್ರದ ಸಮಾನವಾದ ತುಣುಕುಗಳನ್ನಿಡುವರು. ನೀರಿನ ತಟ್ಟೆಯಲ್ಲಿ ಅದು 80 ಮಿಲಿಮೀಟರ್, ರಸದ ತಟ್ಟೆಯಲ್ಲಿ 20 ಮಿಲಿಮೀಟರ್ ಹರಡಿತೆಂದಿಟ್ಟುಕೊಳ್ಳಿರಿ. ಆಗ ತಡೆಯು ನೂರಕ್ಕೆ 75. ನೀರಿನ ತಟ್ಟೆಯಿಲ್ಲದಿದ್ದರೆ ರಸದ ಫಲವೆಷ್ಟೆಂದು ಹೇಳಲಾಗದು.

ಆದರೆ ತಟ್ಟೆಯಲ್ಲಿ ಗೆದ್ದುದು ತೋಟದಲ್ಲಿಯೂ ಗೆಲ್ಲುವುದೆಂದು ಭಾವಿಸಬಾರದು. ಮಲೆನಾಡಿನ ಅಡಕೆಯ ಕೊಳೆರೋಗವನ್ನು ನೋಡಿರಿ. ಇದರ ಕಾರಣವಾದ ಫೈಟಾಫ್ತೊರವು ಶಿಲೀಂಧ್ರದಂತೆಯೇ ವರ್ತಿಸಿದರೂ, ಇಂದಿನ ವಿಂಗಡಣೆಯಲ್ಲಿ ಬೇರೆ ಗುಂಪಿಗೆ ಸೇರಿದೆ. ಮೈಸೂರು ಸಂಸ್ಥಾನದ ಸಸ್ಯರೋಗತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ವಿವರವನ್ನು ಪ್ರಕಟಿಸಿ, ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿದ ಈ ದ್ರಾವಣವನ್ನು ಮುಂಗಾರಿಗೆ ಮುಂಚೆ ಗೊನೆಗಳಿಗೆ ಸಿಂಪಡಿಸುವರು. ಸುಮಾರು 40–45 ದಿನಗಳ ಮೇಲೆ ಮತ್ತೊಮ್ಮೆ. ಅದು ಕಾಯಿಗಳಿಗೆ ಅಂಟಿ ಮಳೆಯನ್ನು ತಾಳುವುದು. ಬೆಳ್ಳುಳ್ಳಿಯ ರಸವಾದರೋ ಬೇಗನೆ ಗುಣಗುಂದಿ ಮಳೆಯಲ್ಲಿ ತೊಳೆದುಹೋಗುವುದು. ಅದೊಂದನ್ನೇ ನಂಬಿದ ಬೆಳೆಗಾರನು ವರುಷದ ಫಲವನ್ನೇ ಕಳೆದುಕೊಂಡಾನು.

ಹಾಗೆಂದು ಸಸ್ಯರಸವನ್ನು ತಿರಸ್ಕರಿಸಬೇಕಾಗಿಲ್ಲ. ಕೈದೋಟದ ಕೆಲವು ಗಿಡಗಳಿಗೆ ಅದನ್ನು ಸಿಂಪಡಿಸಿ, ಕೆಲವನ್ನು ಹಾಗೆಯೇ ಬಿಟ್ಟು, ರೋಗ ತಗಲಿದ ಎಲೆಗಳನ್ನು ಎಣಿಸಿ ಬರೆದಿಡಿರಿ. ರಸವು ತೀಕ್ಷ್ಣವಾದರೆ ಎಳೆಯ ಎಲೆಗಳು ಸುಡುವುದೂ ಉಂಟು. ಮೊದಲು ಒಂದೆರಡು ಎಲೆಗಳ ಮೇಲೆ ನೋಡಿಕೊಳ್ಳಿರಿ. ಹಿರಿಯರ ಮಾತಿನಲ್ಲಿ ನಂಬಿಕೆಯಿರಲಿ. ಎಣಿಕೆಯೂ ಅದರ ಜೊತೆಗಿರಲಿ.