ಮಧುನಾಶಿನಿ: ನಾಲಿಗೆ ಬೇರೆ, ರಕ್ತ ಬೇರೆ
ಬೇಲಿಸಾಲಲ್ಲಿ, ಕುರುಚಲು ಕಾಡಲ್ಲಿ ಹಬ್ಬುವ ಮಧುನಾಶಿನಿ ಬಳ್ಳಿಯ ಎಲೆಯನ್ನು (ಗುರುತು ಬಲ್ಲವರಿಂದ ಖಾತ್ರಿ ಮಾಡಿಕೊಂಡು) ಅಗಿದು, ಮೇಲೆ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿದರೆ ಮರಳು ಜಗಿದ ಹಾಗಾಗುತ್ತದೆ! ಉಪ್ಪು, ಹುಳಿ ಮಾತ್ರ ಎಂದಿನಂತೆ ತಿಳಿಯುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗಕ್ಕೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಅರ್ಧ-ಮುಕ್ಕಾಲು ಗಂಟೆಯಲ್ಲಿ ರುಚಿ ತಾನಾಗಿ ವಾಪಸು ಬರುತ್ತೆ.

ಇದನ್ನು ನೋಡಿ 'ಸಕ್ಕರೆ ಕಾಯಿಲೆಯೂ ಹೀಗೇ ಹೋಗುತ್ತೆ' ಅಂತ ಮಾತ್ರೆ ಬಿಡುವವರಿದ್ದಾರೆ. ಅಲ್ಲೇ ಅಪಾಯ. ಸಿಹಿ ಹತ್ತದಿದ್ದರೂ ತಿಂದದ್ದು ರಕ್ತಕ್ಕೆ ಸೇರಿಯೇ ಸೇರುತ್ತದೆ. ಕರುಳು ಸಕ್ಕರೆ ಹೀರುವುದನ್ನು ಈ ಆಮ್ಲ ಕೊಂಚ ತಡೆಯುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರ ಮೇಲೆ ನಡೆದವು ಸಣ್ಣ ಪ್ರಯೋಗಗಳು.

ಮಾತ್ರೆ, ಇನ್ಸುಲಿನ್ ಜೊತೆ ಎಲೆಪುಡಿಯನ್ನೂ ತಿಂದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆಗ ಕೂಡಲೇ ಸಕ್ಕರೆ ನೀರು ಕುಡಿಸಿ. ಎಲೆ ತಿನ್ನೋದನ್ನ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.