ಪ್ರಗತಿ ಪತ್ರದ ಜೊತೆ ಉತ್ತರ ಪತ್ರಿಕೆಯೂ ಬರಲಿ

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಶಿಕ್ಷಕರಿಗೆ ಬಿಡುವಿರುವುದಿಲ್ಲ. ಮೊದಲ ಸಂಕಲನಾತ್ಮಕ ಪರೀಕ್ಷೆಯ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎ-1ರ ಪೇಪರ್ ತಿದ್ದಬೇಕು, ಅಂಕಗಳನ್ನು ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಏರಿಸಬೇಕು, ಪ್ರಗತಿ ಪತ್ರ ತುಂಬಬೇಕು, ಪಾಲಕರ ಸಭೆ ಕರೆಯಬೇಕು. ಅದೇ ಹೊತ್ತಿಗೆ ಹೊಲದಲ್ಲಿ ಗೋವಿನಜೋಳದ ಕೆಲಸ ಶುರುವಾಗಿರುತ್ತದೆ. ಸಭೆಗೆ ಬರಬೇಕಾದವರು ಬೆಳಗಾಗುವುದರೊಳಗೆ ಬುತ್ತಿ ಕಟ್ಟಿಕೊಂಡು ಹೊಲ ಸೇರಿರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಶಾಲೆಗೆ ಬಂದ ತಾಯಿಯ ಕೈಗೆ ಏನು ಕೊಟ್ಟು ಕಳಿಸುತ್ತೇವೆ ಎಂಬುದು ದೊಡ್ಡ ಪ್ರಶ್ನೆ. ಈ ಭಾಗದ ಮಕ್ಕಳಿಗೆ ಗಣಿತ ಕಲಿಸುತ್ತ ನಾನು ಕಲಿತದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಸಾಮಾನ್ಯವಾಗಿ ಆಕೆಯ ಕೈಗೆ ಸಿಗುವುದು ಒಂದು ಕಾರ್ಡು. ವಿಷಯದ ಹೆಸರು, ಅಂಕ, ಗ್ರೇಡು, ಹಾಜರಿ, ಕೊನೆಗೆ ಷರಾ. ಷರಾದಲ್ಲಿ ‘ಉತ್ತಮ’, ‘ಸಾಧಾರಣ’, ‘ಇನ್ನೂ ಸುಧಾರಿಸಬೇಕು’ ಎಂಬ ಮೂರರಲ್ಲಿ ಒಂದು. ಓದಲು ಬಾರದವರು ಪಕ್ಕದಲ್ಲಿದ್ದ ಮಗನನ್ನೇ ಕೇಳುತ್ತಾರೆ. ಮಗ ತನಗೆ ಅನುಕೂಲವಾದಷ್ಟು ಓದಿ ಹೇಳುತ್ತಾನೆ.

ಅಕ್ಷರ ಬಲ್ಲವರಿಗೂ ಈ ಕಾರ್ಡು ಸುಲಭವಲ್ಲ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಪ್ರಕಾರ ಒಂಬತ್ತನೇ ತರಗತಿಯವರೆಗೆ 90ರಿಂದ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗಿದ್ದರೆ ಸಿ. “ಎ ಆದಮ್ಯಾಲೆ ಬಿ ಅಲ್ರೀ ಸರ? ಹಂಗಾದ್ರ ನಮ್ಮ ಹುಡುಗ ಚಲೋನ ಅದಾನ” ಎಂದು ಸಮಾಧಾನದಿಂದ ಎದ್ದು ಹೊರಡುವ ತಂದೆಯಂದಿರನ್ನು ಪ್ರತಿವರ್ಷ ಕಾಣುತ್ತೇವೆ. ಅವರ ಮಗ ನೂರಕ್ಕೆ ಮೂವತ್ತೆರಡು ತೆಗೆದಿರಬಹುದು. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ಅದೇ ಬಿ ಬರಬೇಕಾದರೆ ಅವನು ಅರವತ್ತು ದಾಟಬೇಕು. ಒಂದೇ ಅಕ್ಷರಕ್ಕೆ ಒಂಬತ್ತರಲ್ಲಿ ಒಂದು ಬೆಲೆ, ಹತ್ತರಲ್ಲಿ ಇನ್ನೊಂದು. ಇದನ್ನು ಬಾಯಿ ಬಿಟ್ಟು ವಿವರಿಸದೆ ಕಾರ್ಡಿಗೆ ಸಹಿ ಹಾಕಿಸಿಕೊಂಡರೆ ಆ ಸಹಿಗೆ ಅರ್ಥವಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಆಗಲೇ ಇದೆ. ಸಂಕಲನಾತ್ಮಕ ಪರೀಕ್ಷೆಗಳ ನಂತರ ನಡೆಯುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಮಕ್ಕಳ ಉತ್ತರ ಪತ್ರಿಕೆಗಳನ್ನೇ ಪಾಲಕರಿಗೆ ತೋರಿಸಬೇಕು. ಹಲವು ಕಡೆ ಇದು ಸ್ವಾಗತ, ಭಾಷಣ, ಚಹಾ, ಫೋಟೊ ಇಷ್ಟರಲ್ಲೇ ಮುಗಿಯುತ್ತದೆ. ಉತ್ತರ ಪತ್ರಿಕೆಯ ಕಟ್ಟು ಬಿಚ್ಚುವ ಹೊತ್ತಿಗೆ ಬಸ್ಸಿನ ವೇಳೆಯಾಗಿರುತ್ತದೆ. ಕಟ್ಟನ್ನು ಮೊದಲೇ ಬಿಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು.

ಒಂಬತ್ತನೇ ತರಗತಿಯ ಹುಡುಗಿ. ಗಣಿತದಲ್ಲಿ ಬಿ. ತಾಯಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಬೆಂಚಿನ ಮೇಲೆ ಪತ್ರಿಕೆ ಹರಡಿಕೊಂಡು ಮೂವರೂ ಕೂತೆವು. ಸಮೀಕರಣದ ಲೆಕ್ಕಗಳಲ್ಲೆಲ್ಲ ಹುಡುಗಿಯ ಹೆಜ್ಜೆಗಳು ಸರಿಯಿದ್ದವು, ಆದರೆ ಸಂಖ್ಯೆಯನ್ನು ಸಮ ಚಿಹ್ನೆಯ ಆಚೆಗೆ ಪಕ್ಷಾಂತರ ಮಾಡುವಾಗ ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆಯಾಗಿ ಬದಲಿಸಿರಲಿಲ್ಲ. ಒಂದೇ ತಪ್ಪು, ಲೆಕ್ಕ ಲೆಕ್ಕಕ್ಕೂ ಅಂಕ ಕಡಿದಿತ್ತು. ಅದನ್ನು ನಾನು ಬೆರಳಿಟ್ಟು ತೋರಿಸುತ್ತಿದ್ದೆ. ತಾಯಿಯ ಕಣ್ಣು ಬೇರೆ ಕಡೆ ಇತ್ತು.

“ಯವ್ವಾ, ಕಡೀ ಪುಟ ಯಾಕ ಖಾಲಿ ಬಿಟ್ಟೀ?”

“ಟೈಮ್ ಸಾಲಲಿಲ್ಲ ಬೇ.”

ಆಕೆ ಪುಟಗಳನ್ನು ಹಿಂದಕ್ಕೆ ಮಗುಚಿ ಮೊದಲ ಹಾಳೆಗೆ ಬಂದರು. ಪ್ರತಿ ಪ್ರಶ್ನೆಯನ್ನೂ ಪೂರ್ತಿ ಬರೆದು, ಸ್ಕೇಲಿಟ್ಟು ಎರಡೆರಡು ಗೆರೆ ಎಳೆದಿದ್ದಳು ಹುಡುಗಿ. “ಇಷ್ಟ್ ಗೆರಿ ಹೊಡಕೋತ ಕುಂತ್ರ ಟೈಮ್ ಎಲ್ಲಿ ಸಾಲತೈತಿ?”

ಬಿ ಎಂಬ ಗ್ರೇಡಿನ ಹಿಂದೆ ಎರಡು ಕಾರಣಗಳಿದ್ದವು, ಎರಡನ್ನೂ ದಸರಾ ರಜೆಯಲ್ಲೇ ಸರಿಪಡಿಸಬಹುದಿತ್ತು. ಅದರಲ್ಲೊಂದನ್ನು ಹಿಡಿದುಕೊಟ್ಟವರು ಲೆಕ್ಕ ಬಾರದ ತಾಯಿ. ‘ನಮಗೇನ್ ತಿಳಿತೈತ್ರಿ, ನೀವ ನೋಡ್ಕೋರಿ’ ಎಂದು ಎಲ್ಲವನ್ನೂ ಶಿಕ್ಷಕರಿಗೆ ಒಪ್ಪಿಸುವ ಪಾಲಕರಿಗೂ ಮಗುವಿನ ಕೈಬರಹ, ಖಾಲಿ ಪುಟ, ಕಾಟು ಹೊಡೆದ ಸಾಲು ಇವೆಲ್ಲ ಚೆನ್ನಾಗಿ ತಿಳಿಯುತ್ತವೆ. ತೋರಿಸುವವರು ಬೇಕು ಅಷ್ಟೆ.

ಹೀಗೆ ಮಾತಾಡಲು ಒಂದು ಮಗುವಿಗೆ ಹತ್ತು ನಿಮಿಷವಾದರೂ ಬೇಕು, ಹಾಗಾಗಿ ಇಡೀ ತರಗತಿಯನ್ನು ಒಂದೇ ದಿನ ಕರೆಯುವುದು ಆಗದ ಮಾತು. ಊರುವಾರು ಕರೆದರೆ ಆಗುತ್ತದೆ. ಪ್ರೌಢಶಾಲೆಗೆ ಸುತ್ತಲಿನ ಹಲವು ಹಳ್ಳಿಗಳ ಮಕ್ಕಳು ಬರುತ್ತಾರೆ. ಶಾಲೆಯಿರುವ ಊರಿನ ಸಂತೆಯ ದಿನ ಅವರ ಮನೆಯವರು ಹೇಗೂ ಬಂದಿರುತ್ತಾರೆ. ಸಂತೆ ಮುಗಿಸಿಕೊಂಡು ಚೀಲ ಹೊತ್ತು ಶಾಲೆಗೆ ಬರುವವರಿಗೆ ಕೂಲಿ ತಪ್ಪುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಚಾರ್ಜಿನ ಚಿಂತೆಯೂ ಇಲ್ಲದೆ ತಾಯಂದಿರು, ಅಜ್ಜಿಯರು ಹೆಚ್ಚಾಗಿ ಬರತೊಡಗಿದರು. ಮಗುವಿನ ದಿನಚರಿ ಬಲ್ಲವರು ಅವರೇ.

ಎಲ್ಲರ ಮುಂದೆ ಅಂಕ ಓದುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಅದು ನಿಲ್ಲಬೇಕು. ತುಂಬಿದ ಸಭೆಯಲ್ಲಿ ಮಗನ ಹೆಸರು ಕೊನೆಗೆ ಬಂದಾಗ ತಂದೆ ಅಲ್ಲೇ ಅವನ ಬೆನ್ನಿಗೆ ಗುದ್ದಿದ್ದನ್ನು ನೋಡಿದವರಿಗೆ ಇದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಮರುದಿನ ಆ ಹುಡುಗ ಶಾಲೆಗೆ ಬರುವುದಿಲ್ಲ. ಮೇಜಿಗೆ ಒಂದೇ ಮನೆಯವರು ಕೂತು, ಮೊದಲು ಮಗುವೇ ತನ್ನ ಪತ್ರಿಕೆಯನ್ನು ವಿವರಿಸಿದರೆ ಹೊಡೆಯುವ ಕೈ ಏಳುವುದಿಲ್ಲ.

ಕಾರ್ಡಿನಲ್ಲಿ ಯಾರೂ ಹೆಚ್ಚು ಗಮನಿಸದ ಸಾಲು ಹಾಜರಿಯದು. ನನ್ನ ಮಟ್ಟಿಗೆ ಅದೇ ಬಹಳ ಮುಖ್ಯವಾದದ್ದು. ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸದ ದಿನಗಳು ಬಂದರೆ ತರಗತಿಯಲ್ಲಿ ಬೆಂಚುಗಳು ಖಾಲಿಯಾಗುತ್ತವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು ಎಂಬುದು ಪಾಲಕರಿಗೆ ಹತ್ತನೇ ತರಗತಿಯ ಜನವರಿಯಲ್ಲಿ ತಿಳಿದರೆ ಏನೂ ಮಾಡಲಾಗದು. ತಿಂಗಳುವಾರು ಹಾಜರಿಯನ್ನು ಪರೀಕ್ಷೆಯ ಅಂಕದ ಪಕ್ಕದಲ್ಲಿಟ್ಟು ತೋರಿಸಿದಾಗ, ಯಾವ ತಿಂಗಳು ಮಗು ಹೊಲದಲ್ಲಿತ್ತೋ ಆ ತಿಂಗಳ ಪಾಠದ ಪ್ರಶ್ನೆಗಳೇ ಖಾಲಿ ಉಳಿದಿರುವುದು ಮನೆಯವರಿಗೆ ತಾವಾಗಿಯೇ ಕಾಣುತ್ತದೆ. ಬೈಗುಳದ ಅಗತ್ಯ ಬೀಳುವುದಿಲ್ಲ.

ವರದಿ ಯಾವಾಗ ತಲುಪುತ್ತದೆ ಎಂಬುದೂ ಅಷ್ಟೇ ಮುಖ್ಯ. ವರ್ಷದ ಕೊನೆಯ ಫಲಿತಾಂಶವನ್ನೇ ನೆಚ್ಚಿಕೊಂಡರೆ ಏನಾಗಬಹುದೆಂದು 2024 ತೋರಿಸಿತು. ಆ ವರ್ಷ 5, 8, 9ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಸುವ ಸರ್ಕಾರದ ಆದೇಶವನ್ನು ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಚ್‌ನಲ್ಲಿ ರದ್ದು ಮಾಡಿತು, ಅದೇ ತಿಂಗಳು ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ಕೊಟ್ಟಿತು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಫಲಿತಾಂಶವನ್ನು ಪಾಲಕರಿಗೆ ತಿಳಿಸಕೂಡದು ಎಂದಾಯಿತು. ಕಾರ್ಡಿಗಾಗಿ ಶಾಲೆಗೆ ಬಂದವರು ಬರಿಗೈಲಿ ಮರಳಿದರು. ಅಕ್ಟೋಬರ್‌ನಲ್ಲೇ ಮಗುವಿನ ಉತ್ತರ ಪತ್ರಿಕೆ ನೋಡಿದ್ದ ಮನೆಗಳಿಗೆ ಮಾತ್ರ ಮಗು ಎಲ್ಲಿದೆ ಎಂಬ ಅಂದಾಜು ಇತ್ತು.

ಅದೇ ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1 ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ನಡೆಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಹತ್ತನೇ ತರಗತಿಯಲ್ಲಿ ಭಾಷೆಯನ್ನು ಬಿಟ್ಟ ವಿಷಯಗಳಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆಂತರಿಕದಲ್ಲಿ ಹದಿನೆಂಟು ಬಂದಿದೆ ಎಂದಷ್ಟೇ ಕೇಳಿ ಮಗು ಜಾಣ ಎಂದುಕೊಂಡ ಮನೆಗೆ ಮೇ ತಿಂಗಳಲ್ಲಿ ಆಘಾತವಾಗುತ್ತದೆ. ಎರಡನ್ನೂ ಬೇರೆ ಬೇರೆ ಹೇಳಬೇಕು, ಅದನ್ನೂ ದಸರೆಯ ಹೊತ್ತಿಗೇ ಹೇಳಬೇಕು.

ಇನ್ನು ಉಳಿದವರು ಊರಲ್ಲೇ ಇಲ್ಲದ ತಂದೆಯಂದಿರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಗೋವಾಕ್ಕೆ ದುಡಿಯಲು ಹೋದವರು. ವಾಟ್ಸ್‌ಆ್ಯಪ್ ಗುಂಪಿಗೆ ಕಾರ್ಡಿನ ಫೋಟೊ ಹಾಕಿದರೆ ಎಲ್ಲರ ಅಂಕ ಎಲ್ಲರಿಗೂ ಗೊತ್ತಾಗುತ್ತದೆ, ಓದಲು ಬಾರದವರಿಗೆ ಅದೂ ಇಲ್ಲ. ಅವರವರ ನಂಬರಿಗೆ ಒಂದೊಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವುದು ಚೆನ್ನಾಗಿ ಕೆಲಸ ಮಾಡಿದೆ: ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ರಜೆಯಲ್ಲಿ ಮನೆಯವರು ಏನು ನೋಡಿಕೊಳ್ಳಬೇಕು. “ಪಕ್ಷಾಂತರದ ಲೆಕ್ಕ ದಿನಾ ಎರಡು ಮಾಡಸ್ರಿ, ನಿಮಗ ಲೆಕ್ಕ ಬರದಿದ್ರೂ ನಡೀತೈತಿ, ಮಾಡಿದ್ದನ್ನ ನೋಡ್ರಿ ಸಾಕು” ಎಂಬಷ್ಟು ಸರಳವಾಗಿ. ಉತ್ತರವೂ ಧ್ವನಿಯಲ್ಲೇ ಬರುತ್ತದೆ, ಹಿಂದೆ ಕಾಂಕ್ರೀಟ್ ಮಿಷಿನ್ನಿನ ಸದ್ದಿನೊಂದಿಗೆ. “ಸರ, ಮುಂದಿನ ಪರೀಕ್ಷಿ ಯಾವಾಗ ಐತ್ರಿ? ಅದರಕಿಂತ ಮೊದಲ ನಾ ಒಂದ್ಸಲ ಊರಿಗೆ ಬಂದ್ ಹೋಗಲ್ರೀ?” ಎಂದು ಒಬ್ಬರು ಕೇಳಿದರು. ಮುಂದಿನ ರೂಪಣಾತ್ಮಕ ಪರೀಕ್ಷೆಯ, ಅಂದರೆ ಎಫ್‌ಎ-3ರ ತಾರೀಕು ಇನ್ನೂ ಗೊತ್ತಾಗಿರಲಿಲ್ಲ. ದೀಪಾವಳಿಗೆ ಬಂದರೆ ಅನುಕೂಲ, ಆಗ ಮಗಳ ರಜೆಯ ಲೆಕ್ಕದ ನೋಟ್‌ಬುಕ್ಕನ್ನೂ ನೋಡಬಹುದು ಎಂದು ತಿಳಿಸಿದೆ.